ಮೂರು ಕಾಫಿಯ ಶರತ್ತು

ರೈಲಿನ ಹಂಗು ಹರಿದುಕೊಂಡು ಹೋದ ಭಾವನವರಿಗೆ,

ಲಗ್ಗೆರೆಯಿಂದ ನಿಮ್ಮ ಭಾಮೈದ ಪರಮೇಶಿ ಬರೆಯುತ್ತಿರುವುದು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ ಬೆಳಿಗ್ಗೆ ಏಳುತ್ತೇವೆ, ರಾತ್ರಿ ಬೀಳುತ್ತೇವೆ, ನಡುವೆ ಸಿಕ್ಕ ಆಯುಷ್ಯವನ್ನು ರಿಂಗ್ ರೋಡಿನ ಸಿಗ್ನಲ್‌ಗಳಿಗೆ ಸಮನಾಗಿ ಹಂಚುತ್ತೇವೆ. ನಿಮ್ಮ ಕ್ಷೇಮಕ್ಕೆ ಮಾರುತ್ತರ ಬರೆಯಿರಿ ಎನ್ನುವ ಹಾಗಿಲ್ಲ. ಒಂದು ಮಾತ್ರ ಕೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ಅಲ್ಲಿಗಾದರೂ ಪೂರ್ತಿ ದಾರಿ ಕೂತೇ ಹೋದಿರಾ, ಅಥವಾ ಅಲ್ಲಿಯೂ ಅರ್ಧ ದಾರಿಯಲ್ಲಿ ಎದ್ದು ಯಾರಿಗೋ ಸೀಟು ಬಿಟ್ಟುಕೊಟ್ಟು…

ಈಚೆಗೆ ಒಂದು ಬೆಳಿಗ್ಗೆ, ಪೀಣ್ಯದಲ್ಲಿ ನಾನು ಬಿಲ್ಲು ಬರೆಯುವ ಗೋದಾಮಿನ ಎದುರು ನಿಂತಿದ್ದೆ. ಪಕ್ಕದವನ ಕೈಯಲ್ಲಿದ್ದ ಪೇಪರಿನಲ್ಲಿ ‘ರೈಲು ಪ್ರಯಾಣ ದರ ಏರಿಕೆ’ ಎಂದು ದಪ್ಪ ಅಕ್ಷರ ಕಂಡಿತು. ನನಗೇ ತಿಳಿಯದಂತೆ ಎರಡೂ ಕೈ ಜೋಡಿಸಿಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಸಾರ್, ರೈಲ್ವೇಲಿ ಷೇರು ಗೀರು ಇಟ್ಟಿದೀರಾ?” ಎಂದ. “ಇಲ್ಲಪ್ಪ, ತುಮಕೂರಲ್ಲಿ ಅಕ್ಕ ಇದಾಳೆ” ಎಂದೆ. ಅವನು ಪೇಪರ್ ಮಡಿಸಿಕೊಂಡು ಎರಡು ಹೆಜ್ಜೆ ಆಚೆ ಸರಿದ. ಸರಿಯದೆ ಏನು ಮಾಡಿಯಾನು ಭಾವಾ? ರೈಲು ದರ ಏರಲಿ ಎಂದು ವರ್ಷಗಟ್ಟಲೆ ದೇವರಿಗೆ ಕೈಮುಗಿದ ಮನುಷ್ಯ ಈ ನಾಡಿನಲ್ಲಿ ನಾನೊಬ್ಬನೇ ಇರಬೇಕು. ಈ ಪಟ್ಟ ಕಟ್ಟಿದವರು ನೀವೇ.

ನೀವು ಮದುವೆಯಾದ ಹೊಸತು. ತುಮಕೂರು ಸ್ಟೇಷನ್ನಿನ ಹಿಂದಿನ ಬೀದಿಯ ಆ ಬಾಡಿಗೆ ಮನೆಗೆ ಯುಗಾದಿ ಊಟಕ್ಕೆ ಬಂದಿದ್ದೆ. ನೀವಾಗಲೇ ಪೀಣ್ಯದ ಕಾರ್ಖಾನೆಯ ಟೂಲ್ ರೂಮಿಗೆ ಸೇರಿ, ರೈಲಿನ ತಿಂಗಳ ಸೀಸನ್ ಟಿಕೆಟ್ಟಿನಲ್ಲಿ ಕತ್ತಲೆಯಲ್ಲಿ ಹೋಗಿ ಕತ್ತಲೆಯಲ್ಲಿ ಬರುವವರಾಗಿದ್ದಿರಿ. ಅಕ್ಕ ಹೋಳಿಗೆಗೆ ತುಪ್ಪ ಹಾಕುತ್ತ, ಬೆಂಗಳೂರಲ್ಲೇ ಒಂದು ಮನೆ ನೋಡಬಾರದೇನ್ರೀ, ಸಂಜೆ ಹೊತ್ತು ನಿಮ್ಮ ಮುಖವಾದರೂ ಕಾಣುತ್ತೆ ಎಂದಳು. ಅವಳಿಗೆ ಬೆಂಗಳೂರಿನ ಆಸೆಯೇನೂ ಇರಲಿಲ್ಲ. ದೀಪ ಹಚ್ಚುವುದಕ್ಕೆ ಮುಂಚೆ ಗಂಡ ಮನೆಗೆ ಬರಬೇಕು, ಅಷ್ಟೆ. ನೀವು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟಿರಿ: “ಸೀಸನ್ ಟಿಕೆಟ್ಟು ಈಗ ದಿನಕ್ಕೆ ಎರಡು ಕಾಫಿ ಲೆಕ್ಕ ಬೀಳತ್ತೆ. ಹೋಗೋಕೊಂದು, ಬರೋಕೊಂದು. ಅದು ಮೂರು ಕಾಫಿ ಆಗ್ಲಿ, ಅವತ್ತೇ ಗಂಟುಮೂಟೆ ಕಟ್ಟೋಣ. ನಿನ್ನ ತಮ್ಮನೇ ಸಾಕ್ಷಿ.” ಬಾಯ್ತುಂಬ ಹೋಳಿಗೆ ಇದ್ದ ಸಾಕ್ಷಿ ತಲೆ ಅಲ್ಲಾಡಿಸಿದ. ಆ ವಯಸ್ಸಿನಲ್ಲಿ ಹೋಳಿಗೆಗೆ ನಾನು ಯಾವ ಸಾಕ್ಷಿ ಬೇಕಾದರೂ ಹೇಳುತ್ತಿದ್ದೆ.

ಕೈತೊಳೆಯುವಾಗ ನಾನು, ರೂಪಾಯಿಯಲ್ಲಿ ಹೇಳಬಾರದೇನು ಭಾವ, ಕಾಫಿ ಯಾಕೆ ಎಂದು ಕೇಳಿದ್ದು ನೆನಪಿದೆಯಾ? ರೂಪಾಯಿಯನ್ನು ನಂಬಬೇಡ, ಅದು ವರ್ಷ ವರ್ಷ ಸೊರಗುವ ಪ್ರಾಣಿ ಎಂದಿರಿ. ಹೋದ ವರ್ಷದ ರೂಪಾಯಿಗೂ ಈ ವರ್ಷದ ರೂಪಾಯಿಗೂ ಹೆಸರು ಒಂದೇ, ಮೈ ಬೇರೆ. ಆದರೆ ಕಾಫಿ ಎಂದರೆ ಅಂದೂ ಒಂದು ಲೋಟ, ಇಂದೂ ಒಂದು ಲೋಟ. ಅದಕ್ಕಾಗಿ ಸ್ಟೇಷನ್ ಎದುರಿನ ಹೋಟೆಲಿನ ಕಾಫಿಯನ್ನೇ ಮಾಪಕವೆಂದು ಘೋಷಿಸಿದಿರಿ. ಬೇರೆ ಹೋಟೆಲಿನ ಕಾಫಿ ನಮ್ಮ ಮನೆಯಲ್ಲಿ ಕಾನೂನುಬಾಹಿರ. ಅರ್ಥಶಾಸ್ತ್ರಕ್ಕೆ ಇಷ್ಟೊಂದು ಹಾಲು ಸಕ್ಕರೆ ಹಾಕಿದವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಮೊದಲ ಸಲ ದರ ಏರಿದ ದಿನವನ್ನು ಅಕ್ಕ ಈಗಲೂ ಹೇಳುತ್ತಾಳೆ. ಊರೆಲ್ಲ ಸರ್ಕಾರಕ್ಕೆ ಶಾಪ ಹಾಕುತ್ತಿದ್ದರೆ ಅವಳು ಅಟ್ಟದಿಂದ ಟ್ರಂಕು ಇಳಿಸಿ ಒರೆಸಿಟ್ಟಿದ್ದಳಂತೆ. ನೀವು ಬಂದವರೇ ಚಪ್ಪಲಿ ಬಿಡುತ್ತ, “ದರ ಏರಿದೆ, ನಿಜ. ಆದ್ರೆ ಕಾಫಿ ಅದಕ್ಕಿಂತ ಮುಂಚೇನೇ ಇನ್ನೂ ಮೇಲೆ ಹೋಗಿ ಕೂತಿದೆ. ಆದ್ದರಿಂದ ದರ ಇಳಿದಿದೆ” ಎಂದಿರಿ. ಅವಳು ಸೌಟು ಹಿಡಿದೇ ಕೇಳಿದಳು, “ಏರಿದ್ದು ಇಳಿಯೋದು ಹೇಗ್ರೀ?” ನೀವು ಕೂರಿಸಿಕೊಂಡು ವಿವರಿಸಿದಿರಿ. ವಿವರಣೆಯಲ್ಲಿ ತಪ್ಪಿರಲಿಲ್ಲ, ಅದೇ ತೊಂದರೆ. ಟ್ರಂಕು ಮತ್ತೆ ಅಟ್ಟ ಹತ್ತಿತು.

ಆಮೇಲೆ ವರ್ಷಗಟ್ಟಲೆ ಬಜೆಟ್ ದಿನ ಎಂದರೆ ನಿಮ್ಮ ಮನೆಯಲ್ಲಿ ಒಂದು ಥರದ ವೈಕುಂಠ ಏಕಾದಶಿ. ಟೀವಿ ಮುಂದೆ ಉಪವಾಸ ಕೂತು ಕಾಯುವುದು. ಒಂದಲ್ಲ ಒಂದು ಮಂತ್ರಿ ಎದ್ದು ಜನಸಾಮಾನ್ಯರ ಪ್ರಯಾಣ ದರ ಏರಿಸಿಲ್ಲ ಎಂದು ಹೇಳುವುದು, ಅಲ್ಲಿ ಮೇಜು ಕುಟ್ಟುವ ಸದ್ದು, ಇಲ್ಲಿ ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಕುಟ್ಟುವ ಸದ್ದು. ಎಂದಾದರೂ ಏರಿದರೂ ಮಗುವಿನ ಹೆಜ್ಜೆಯಷ್ಟು. ಕಾಫಿಯೋ, ದಾಪುಗಾಲು ಹಾಕುತ್ತಿತ್ತು. ಎರಡು ಕಾಫಿಯ ಸೀಸನ್ ಟಿಕೆಟ್ಟು ಒಂದೂವರೆಗೆ ಬಂತು, ಒಂದಕ್ಕೆ ಬಂತು. ಕೊನೆಕೊನೆಗೆ ನೀವೇ ನಾಚಿಕೊಂಡು, “ಈಗ ಬೈ ಟೂ ಹತ್ರ ಬಂದಿದೆ ಕಣೋ” ಎಂದಿರಿ. ಮೂರಕ್ಕೆ ಏರಬೇಕಾದದ್ದು ಅರ್ಧಕ್ಕೆ ಇಳಿಯುತ್ತಿದ್ದರೆ ನನ್ನ ಅಕ್ಕ ಎಲ್ಲಿಗೆ ಹೋಗಬೇಕಿತ್ತು?

ಲಗ್ಗೆರೆಯಲ್ಲಿ ನಾನು ಮನೆ ಕಟ್ಟಿ, ಮೇಲಿನ ಪುಟ್ಟ ಮನೆಯನ್ನು ನಿಮಗೆಂದೇ ತೋರಿಸಿದ ದಿನ ನೀವು ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಬಾಡಿಗೆ ಎಷ್ಟಕ್ಕೆ ಕೊಡುತ್ತೀ ಎಂದು ಕೇಳಿದಿರಿ. ನಿಮಗೆಂಥ ಬಾಡಿಗೆ ಎಂದೆ. ಹೆಣ್ಣು ಕೊಟ್ಟ ಮನೆಯಲ್ಲಿ ಪುಕ್ಕಟೆ ಇರುವ ಗಂಡಸಿನ ಬಗ್ಗೆ ಒಂದು ಪ್ರವಚನವೇ ಆಯಿತು. ಸರಿ, ಎಲ್ಲರೂ ಕೊಡುವಷ್ಟು ಕೊಡಿ ಎಂದು ದರ ಹೇಳಿದೆ. ನೀವು ಅದನ್ನೂ ಕಾಫಿಗೆ ಪರಿವರ್ತಿಸಿದಿರಿ. ಪರಿವರ್ತಿಸಿದವರೇ ನಲ್ಲಿಯನ್ನು ಮತ್ತೆ ಬಿಗಿಯಾಗಿ ತಿರುಗಿಸಿ ಮೆಟ್ಟಿಲು ಇಳಿದಿರಿ. ಬಾಡಿಗೆ ಏರುತ್ತಿತ್ತು, ಬಸ್ಸು ಏರುತ್ತಿತ್ತು. ಚಿಕ್ಕಬಾಣಾವರದ ಸ್ಟೇಷನ್ನಿನಿಂದ ಪೀಣ್ಯಕ್ಕೆ ಷೇರ್ ಆಟೋದವನು ಒಂದು ಸಲಕ್ಕೆ ಕೇಳುವುದು, ತುಮಕೂರಿನಿಂದ ಅಷ್ಟು ದೂರ ನಿಮ್ಮನ್ನು ಹೊತ್ತು ತಂದ ರೈಲಿನ ಸೀಸನ್ ಲೆಕ್ಕಕ್ಕಿಂತ ಹೆಚ್ಚಾಯಿತು. ಲೋಕವೆಲ್ಲ ಮೇಲೆ ಮೇಲೆ ಹೋಗುವಾಗ ಆ ಒಂದು ರಟ್ಟಿನ ಚೂರು ಮಾತ್ರ ಇದ್ದಲ್ಲೇ ಇತ್ತು. ಅದನ್ನು ಹಿಡಿದುಕೊಂಡ ನೀವೂ ಇದ್ದಲ್ಲೇ ಇದ್ದಿರಿ.

ಒಮ್ಮೆ ನಿಮ್ಮ ಜೊತೆ ಆ ರೈಲಿನಲ್ಲಿ ಬಂದೆನಲ್ಲ, ಯಾವುದೋ ಹಬ್ಬದ ಮಾರನೆಯ ಬೆಳಿಗ್ಗೆ. ನಿಮ್ಮ ಸೀಸನ್ ಬಳಗದ ಸಂವಿಧಾನ ಅವತ್ತು ತಿಳಿಯಿತು. ತುಮಕೂರಿನಲ್ಲಿ ಸೀಟು ಹಿಡಿದವರು ದಾಬಸ್‌ಪೇಟೆ ಬಂದ ಕೂಡಲೇ ಎದ್ದು, ಅಲ್ಲಿಯವರೆಗೆ ನಿಂತವರಿಗೆ ಬಿಟ್ಟುಕೊಡಬೇಕು. ಅರ್ಧ ದಾರಿ ಕೂರುವ ಹಕ್ಕು, ಅರ್ಧ ದಾರಿ ನಿಲ್ಲುವ ಧರ್ಮ. ಯಾರೂ ಕೇಳಬೇಕಾಗಿಲ್ಲ, ಯಾರೂ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಸೋಲದೇವನಹಳ್ಳಿ ದಾಟುವ ಮೊದಲು ರೈಲನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದಿನ ಎಕ್ಸ್‌ಪ್ರೆಸ್‌ಗೆ ದಾರಿ ಬಿಟ್ಟರು. ನಾನು ಗೊಣಗಿದೆ. ಅವರು ಜಾಸ್ತಿ ಕೊಟ್ಟಿದ್ದಾರೆ, ಮೊದಲು ಹೋಗಲಿ ಬಿಡು ಎಂದು ನೀವು ಸಮಾಧಾನ ಮಾಡಿದಿರಿ. ನಿಮ್ಮ ಜೊತೆ ಅದೇ ಕಾರ್ಖಾನೆಗೆ ಬರುತ್ತಿದ್ದ ಪಾಷಾ ಸಾಬರು, ಯಾರದೋ ಕಂಕುಳ ಕೆಳಗಿನಿಂದ ಮುಖ ಹೊರಗೆ ಹಾಕಿ ಅಂದರು: “ಟಿಕೆಟ್ ಜಾಸ್ತಿ ಮಾಡಲ್ಲ ಸಾಮಿ, ಬೋಗೀನೂ ಜಾಸ್ತಿ ಮಾಡಲ್ಲ. ಹಿಸಾಬ್ ಸರಿಹೋಯ್ತಲ್ಲ.” ಬೋಗಿಯಲ್ಲಿ ನಗಲು ಜಾಗವಿದ್ದವರೆಲ್ಲ ನಕ್ಕರು. ನನಗೆ ಜಾಗವಿರಲಿಲ್ಲ.

ಲಾಕ್‌ಡೌನ್ ಬಂದಾಗ ನಿಮ್ಮನ್ನು ನೋಡಬೇಕಿತ್ತು ಎಂದು ಅಕ್ಕ ನಗುತ್ತಾಳೆ. ರೈಲಿಲ್ಲ, ಸೀಸನ್ ಟಿಕೆಟ್ಟಿಲ್ಲ, ಹೋಟೆಲಿಲ್ಲ. ಅಳೆಯಬೇಕಾದ ವಸ್ತುವೂ ಇಲ್ಲ, ಅಳೆಯುವ ಮಾಪಕವೂ ಇಲ್ಲ. ನೀವು ಸಂಜೆ ಹೊತ್ತು ಜಗಲಿಯ ಮೇಲೆ ಕೂತು, ಈಗ ಹಿರೇಹಳ್ಳಿ, ಈಗ ಕ್ಯಾತಸಂದ್ರ ಎಂದು ಇಲ್ಲದ ರೈಲನ್ನು ಮನೆಯ ತನಕ ತರುತ್ತಿದ್ದಿರಂತೆ. ಆ ಬೇಸಗೆಯಲ್ಲೇ ಅವಳು ಮೊದಲ ಬಾರಿ ನಿಮ್ಮ ಜೊತೆ ಮಲ್ಲಿಗೆ ಗಿಡಕ್ಕೆ ನೀರು ಹಾಕಿದ್ದು. ಲೋಕಕ್ಕೆಲ್ಲ ಕಷ್ಟ ಬಂದಾಗ ನಾನು ಸುಖವಾಗಿದ್ದೆ ಅಂತ ಹೇಳೋಕೆ ನಾಚಿಕೆ ಕಣೋ ಎಂದು ನನ್ನ ಹತ್ತಿರ ಮಾತ್ರ ಹೇಳಿದಳು. ಮತ್ತೆ ರೈಲು ಬಿಟ್ಟಾಗ ಅದೇ ಬೋಗಿಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟು ಬಿಡಿ ಟಿಕೆಟ್ಟಿಗೆ ಎಕ್ಸ್‌ಪ್ರೆಸ್ ದರ ಹಚ್ಚಿದರು. ನನಗೆ ಆಸೆ ಹುಟ್ಟಿತು. ಆದರೆ ಸೀಸನ್ ಟಿಕೆಟ್ಟು ಮರಳಿ ಬಂತು, ಬೈ ಟೂ ಗತ್ತಿನಲ್ಲೇ ಬಂತು. ಅಷ್ಟರಲ್ಲಿ ನೀವು ನಿವೃತ್ತರಾಗಿ, ಕಾರ್ಖಾನೆಯವರು ಕಾಂಟ್ರಾಕ್ಟ್ ಮೇಲೆ ಮತ್ತೆ ಕರೆದು, ಇಷ್ಟು ಅಗ್ಗದ ಟಿಕೆಟ್ ಇರುವಾಗ ಮನೆಯಲ್ಲಿ ಕೂತೇನು ಮಾಡಲಿ ಎಂದು ನೀವೂ ಹೊರಟೇ ಬಿಟ್ಟಿರಿ.

ನೀವು ಹೋದದ್ದು ಭಾನುವಾರ. ಒಂದು ದಿನದ ರಜೆಯೂ ವ್ಯರ್ಥವಾಗಲಿಲ್ಲ ಎಂದು ನಿಮ್ಮ ಆತ್ಮಕ್ಕೆ ಸಮಾಧಾನ ಆಗಿರಬೇಕು. ಆದರೆ ಸೀಸನ್ ಟಿಕೆಟ್ಟಿನ ಅವಧಿ ಇನ್ನೂ ಅರ್ಧ ತಿಂಗಳು ಉಳಿದಿತ್ತು. ಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಕ್ಕ ಅದನ್ನು ಹಿಡಿದು, “ಇದನ್ನ ವೇಸ್ಟ್ ಮಾಡಿ ಹೋದ್ರಲ್ಲೋ, ಇವರು ಹಂಗೆ ಮಾಡೋರಲ್ಲ” ಎಂದು ಅತ್ತಳು. ಅದುವರೆಗೆ ಅವಳು ಅತ್ತಿರಲಿಲ್ಲ. ಶಿವಗಣಾರಾಧನೆಗೆ ನಿಮ್ಮ ಬಳಗದವರು ಬಂದಿದ್ದರು, ಊಟ ಮುಗಿಸಿ ಸಂಜೆಯ ರೈಲಿಗೆ ಮುಂಚೆ ಎದ್ದುಹೋದರು. ಎಲ್ಲರಿಗೂ ಮರುದಿನ ಬೆಳಿಗ್ಗೆ ಏಳುವುದಿತ್ತು.

ಮನೆಯ ಮಾಲೀಕರು ಒಡೆದು ಕಟ್ಟುತ್ತೇವೆ, ಖಾಲಿ ಮಾಡಿ ಎಂದು ಹೇಳಿಕಳಿಸಿದ ಮೇಲೆ ನಾನು ತುಮಕೂರಿಗೆ ಹೋಗಿ ಅಕ್ಕನನ್ನು ಕರೆದೆ. ನಿಮ್ಮ ಮಗಳು ಕಾವ್ಯಳೂ ದಾವಣಗೆರೆಯಿಂದ ಫೋನ್ ಮಾಡಿ, ನನ್ನ ಹತ್ತಿರವಾದರೂ ಬಾ, ಮಾವನ ಹತ್ತಿರವಾದರೂ ಹೋಗು ಎಂದು ಗೋಗರೆದಿದ್ದಳು. ಅಕ್ಕ ಅದೇ ಬೀದಿಯಲ್ಲಿ ಇನ್ನೊಂದು ಮನೆ ನೋಡುತ್ತಿದ್ದಳು. ಮೇಲಿನ ಮನೆ ಖಾಲಿ ಬಿದ್ದಿದೆಯಲ್ಲಕ್ಕಾ ಎಂದೆ. “ಮೂರು ಕಾಫಿ ಆಯ್ತೇನೋ?” ಎಂದು ಕೇಳಿದಳು. ತಮಾಷೆ ಇರಬೇಕೆಂದು ನಕ್ಕೆ. ಅವಳು ನಗಲಿಲ್ಲ. ಶರತ್ತು ಹಾಕಿದವರು ಹೋಗಿಬಿಟ್ಟರು, ಇನ್ನು ಅದನ್ನು ಮುರಿಯಲು ನಾನ್ಯಾರು ಎಂದಳು. ಹೀಗೆ ಭಾವಾ, ನಿಮ್ಮ ಕಾನೂನು ನಿಮಗಿಂತ ಗಟ್ಟಿಯಾಗಿ ಬದುಕಿತು. ಅವತ್ತಿನಿಂದ ನಾನು ದಿನಾ ಪೇಪರಿನಲ್ಲಿ ರೈಲಿನ ಸುದ್ದಿ ಹುಡುಕುವವನಾದೆ. ಮೆಟ್ರೋ ದರ ಏರಿದಾಗ ಊರೇ ಬೊಬ್ಬೆ ಹೊಡೆಯಿತು. ನಾನು ಮಾತ್ರ, ಏರಿಸುವ ಕೈ ಈ ಪಕ್ಕದ ಕಂಬಿಗೂ ಬರಬಾರದೇ ಎಂದು ಹೊಟ್ಟೆ ಉರಿದುಕೊಂಡೆ.

ಆದ್ದರಿಂದಲೇ ಆ ಬೆಳಿಗ್ಗೆ ದಪ್ಪ ಅಕ್ಷರ ನೋಡಿ ಕೈಮುಗಿದದ್ದು. ಅಲ್ಲೇ ನಿಂತು ಫೋನ್ ಮಾಡಿದೆ. ಏರಿತು ಅಕ್ಕಾ, ಗಂಟು ಕಟ್ಟು ಎಂದೆ. ಸೀಸನ್ ಟಿಕೆಟ್ಟಿಗಾ ಎಂದು ಕೇಳಿದಳು. ಪೇಪರಿನವನನ್ನು ಬೇಡಿ ಕೆಳಗಿನ ಸಣ್ಣ ಅಕ್ಷರ ಓದಿದೆ. ದೂರ ಪ್ರಯಾಣದವರಿಗೆ ಮಾತ್ರವಂತೆ. ಸೀಸನ್ ಟಿಕೆಟ್ಟು ಮುಟ್ಟಿಲ್ಲವಂತೆ. ಹೇಳಿದೆ. ಆ ಕಡೆಯಿಂದ ಅಕ್ಕ ನಕ್ಕಳು ಭಾವಾ, ನೀವು ಹೋದ ಮೇಲೆ ಮೊದಲ ಸಲ. ಎದುರಿನ ಕಾಫಿ ಅಂಗಡಿಯವನು ಅಷ್ಟರಲ್ಲೇ ಹಲಗೆಯ ಮೇಲಿನ ಹಳೆ ದರ ಒರೆಸಿ ಹೊಸದು ಬರೆಯುತ್ತಿದ್ದ.

ಅದಾಗಿ ಕೆಲವು ದಿನಕ್ಕೆ ಬೆಳ್ಳಂಬೆಳಿಗ್ಗೆ ಅಕ್ಕನ ಫೋನು. ಚಿಕ್ಕಬಾಣಾವರದಲ್ಲಿದ್ದೇನೆ, ಬಂದು ಕರೆದುಕೊಂಡು ಹೋಗು. ಸ್ಕೂಟರಿನಲ್ಲಿ ಓಡಿದೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು, ಸೆರಗೆಲ್ಲ ಮುದುರಿತ್ತು. ನಿಮ್ಮ ರೈಲಿನಲ್ಲಿ, ನಿಮ್ಮ ಹೊತ್ತಿಗೆ ಬಂದಿದ್ದಳು. ಇಷ್ಟು ವರ್ಷದಲ್ಲಿ ನೀವು ಅವಳನ್ನು ಕರೆತಂದದ್ದೆಲ್ಲ ಭಾನುವಾರದ ಖಾಲಿ ರೈಲಿನಲ್ಲಿ, ಅಲ್ಲವೇ? ಪಾಷಾ ಸಾಬರು ಗುರುತು ಹಿಡಿದು, ಕೂತ್ಕೊಳ್ಳಿ ಅಕ್ಕಾ ಎಂದು ಬೇಡಿಕೊಂಡರೂ ಅವಳು ದಾಬಸ್‌ಪೇಟೆಯವರೆಗೆ ನಿಂತೇ ಇದ್ದಳಂತೆ. ಕಾನೂನು ಕಾನೂನೇ.

“ದಿನಾ ಹಿಂಗೇನಾ?” ಎಂದಳು.

“ದಿನಾ.”

“ಬರೋವಾಗ?”

“ಬರೋವಾಗ ಬೆಂಗಳೂರಿಂದಲೇ ತುಂಬ್ಕೊಂಡ್ ಬರತ್ತಲ್ಲಕ್ಕಾ. ಆಗ ಅರ್ಧ ದಾರೀನೂ ಸೀಟಿಲ್ಲ.”

ಅವಳು ಮತ್ತೆ ಮಂಡಿ ನೀವಿಕೊಂಡಳು. “ಒಂದಿನಾನೂ ಕಾಲು ನೋವು ಅಂದಿಲ್ಲ ಕಣೋ. ಕಿಟಕಿ ಸೀಟು ಸಿಕ್ತು, ನಿದ್ದೆ ಮಾಡ್ಕೊಂಡು ಬಂದೆ ಅಂತಿದ್ರು. ದಿನಾ ಕಿಟಕಿ ಸೀಟು.”

ನನ್ನೊಳಗೆ ವರ್ಷಗಳಿಂದ ಕೊರೆಯುತ್ತಿದ್ದದ್ದು ಆಗ ಬಾಯಿಗೆ ಬಂತು. ಮೂರು ಕಾಫಿ ಎಂದೂ ಆಗುವುದಿಲ್ಲ ಎಂದು ಭಾವನಿಗೆ ಮೊದಲೇ ಗೊತ್ತಿತ್ತಾ ಅಕ್ಕಾ? ಬೇಕೆಂದೇ ಆ ಶರತ್ತು ಹಾಕಿದ್ದಾ? ನಿಮ್ಮನ್ನೇ ಕೇಳಬೇಕಿತ್ತು, ಕೇಳದೆ ಉಳಿಸಿಕೊಂಡಿದ್ದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ಮೊದಲು ಗೊತ್ತಿರಲಿಲ್ಲ ಅನ್ಸತ್ತೆ. ಆಮೇಲೆ ಗೊತ್ತಾಗಿರಬೇಕು. ಇಲ್ಲಿ ಬಾಡಿಗೆ ಕಟ್ಟಿದ್ರೆ ಕಾವ್ಯ ನರ್ಸಿಂಗ್ ಓದ್ತಿರಲಿಲ್ಲ ಕಣೋ. ಅಷ್ಟು ಅಗ್ಗದ ಟಿಕೆಟ್ಟಲ್ಲೇ ಅವಳು ಓದಿದ್ದು. ಆದ್ರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ನಾನು ಕೇಳೋದೇ ಬಿಟ್ಬಿಡ್ತಿದ್ದೆ. ಕಾಫಿ ಅಂದ್ರು, ನಾನು ಕೇಳ್ತಾನೇ ಇದ್ದೆ.” ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಹೇಳಿದಳು: “ದರ ಏರ್ಲಿ ಅಂತ ಇನ್ಮೇಲೆ ಕೈಮುಗೀಬೇಡ. ಪಾಪ, ಆ ರೈಲಲ್ಲಿ ಇನ್ನೂ ಎಷ್ಟು ಜನ ನಿಂತಿದಾರೆ. ಮೇಲಿನ ಮನೆ ಖಾಲಿ ಇದೆಯಾ?”

ಇದೇ ಭಾವಾ, ನೀವು ಕೇಳದೆ ಹೋದ ಸುದ್ದಿ. ಅಕ್ಕ ಲಗ್ಗೆರೆಗೆ ಬಂದಳು. ದರ ಏರಿದ್ದರಿಂದಲ್ಲ, ನಿಮ್ಮ ಶರತ್ತು ಗೆದ್ದದ್ದರಿಂದಲೂ ಅಲ್ಲ. ನಿಮ್ಮ ತತ್ವ ಕೆಡದಂತೆ ಬಾಡಿಗೆ ಕೊಡುತ್ತಾಳೆ, ನಾನೂ ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳುತ್ತೇನೆ. ಬೀದಿಯ ಗಾರ್ಮೆಂಟ್ಸ್ ಹೆಂಗಸರಿಗೆಲ್ಲ ಆಗಲೇ ಅಕ್ಕನಾಗಿದ್ದಾಳೆ, ನನ್ನನ್ನು ಅವರು ಈಗ ‘ಅಕ್ಕನ ತಮ್ಮ’ ಎನ್ನುತ್ತಾರೆ. ಸ್ವಂತ ಮನೆ ಕಟ್ಟಿದ್ದಕ್ಕೆ ಸಿಕ್ಕ ಬಿರುದು.

ಅವಳು ಬಂದ ಮಾರನೆಯ ದಿನ ಗೋದಾಮು ಮುಚ್ಚಿ ಎಂದಿನಂತೆ ಮನೆಗೆ ಬಂದೆ. ಪೀಣ್ಯ ಪಕ್ಕದಲ್ಲೇ ಇದೆಯಲ್ಲ, ಹೊತ್ತು ಇನ್ನೂ ಮುಳುಗಿರಲಿಲ್ಲ, ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು. ಗೇಟಿನ ಸದ್ದಿಗೆ ಅಕ್ಕ ಮೇಲಿನಿಂದ ಬಗ್ಗಿ ನೋಡಿದಳು. ನೋಡಿದವಳೇ ಮೆಟ್ಟಿಲು ಇಳಿದು ಬಂದು ನನ್ನ ಹಣೆ ಮುಟ್ಟಿದಳು. “ಇಷ್ಟು ಬೇಗ ಬಂದ್ಬಿಟ್ಯಲ್ಲೋ. ಜ್ವರಾನಾ? ಇಲ್ಲ ಮತ್ತೆ ಲಾಕ್‌ಡೌನ್ ಹಾಕಿದ್ರಾ?”

ಏನೂ ಇಲ್ಲಕ್ಕಾ, ಕೆಲಸ ಮುಗೀತು, ಬಂದೆ ಎಂದೆ. ಅವಳು ನಂಬಲಿಲ್ಲ. ಮರುದಿನವೂ ಹಣೆ ಮುಟ್ಟಿದಳು. ಈಗ ಮುಟ್ಟುವುದಿಲ್ಲ, ಆದರೆ ಗೇಟು ತೆರೆದಾಗಲೆಲ್ಲ ಅವಳ ಮುಖದಲ್ಲಿ ಆ ಗಾಬರಿ ಒಂದು ಗಳಿಗೆ ಬಂದು ಹೋಗುತ್ತದೆ. ನನಗೂ ವಯಸ್ಸಾಯಿತು ಭಾವಾ, ಗೆಳೆಯರ ಜೊತೆ ಕಟ್ಟೆಯ ಮೇಲೆ ಹರಟಿ ಬರಬೇಕೆನಿಸುತ್ತದೆ. ಬಿಟ್ಟಿದ್ದೇನೆ. ಅವಳು ಗಾಬರಿಯಾಗುವುದನ್ನು ಮರೆಯುವವರೆಗೆ, ನಾನು ದಿನಾ ಬೆಳಕಿರುವಾಗಲೇ ಮನೆಗೆ ಬರುತ್ತೇನೆ.

ನಿಮ್ಮ
ಪರಮೇಶಿ